ಐದನೆಯ ಪಟ್ಟಿ

ಬೆಳಗಾವಿಯ ಉದ್ಯಮಬಾಗ. ಫೌಂಡ್ರಿಯ ಬೆನ್ನಿಗಿರುವ ಗಾಳಿಯಾಡದ ಕೋಣೆಯಲ್ಲಿ
ದಿನಾ ಪ್ಲಾಸ್ಟಿಕ್ ಸುಡುತ್ತೇನೆ,
ಸಂಬಳಕ್ಕೆ.
ಕ್ಲಿಪ್ಪಿಗೆ ನೇತುಬಿದ್ದ ಬೆರಳಗಲದ ಪಟ್ಟಿ,
ಕೆಳಗೆ ಹಿಂಜಿದ ಹತ್ತಿ ಒಂದು ಚಿಟಿಕೆ.
ಹತ್ತು ಸೆಕೆಂಡು ಉರಿ ಹಿಡಿ. ತೆಗೆ. ಎಣಿಸು.
ಆರಿದರೆ ಮತ್ತೆ ಹತ್ತು.
ಉರಿಯುವ ಹನಿ ಬಿದ್ದು ಹತ್ತಿ ಹೊತ್ತಿಕೊಂಡರೆ
ವಹಿಯಲ್ಲಿ ಕೆಂಪು ಗೆರೆ.

ಹನಿಯನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ.
ವಡಗಾವಿಯ ನಮ್ಮ ಓಣಿಯಲ್ಲಿ, ಮಗ್ಗದ ಮೋಟರಿನ ವಾಯರು
ಒಂದು ಮಧ್ಯಾಹ್ನ ಕಿಡಿ ಕಕ್ಕಿ, ಹೊದಿಕೆ ಕರಗಿ
ತೊಟ್ಟು ತೊಟ್ಟಾಗಿ ಅವ್ವನ ಬಲಗೈ ಮೇಲೆ.
ಆರಿದ ಮೇಲೂ ಬಿಡಲಿಲ್ಲ ಅವು.
ಏಳು ಮಚ್ಚೆ. ಚಳಿಗಾಲದಲ್ಲಿ ಲಾಳಿ ಹಿಡಿದರೆ ಬಿಗಿಯುತ್ತವೆ.

ಕುಲಗೋಡ ಮೇಡಂ ತಂದ ಡಬ್ಬಿಯಲ್ಲಿ ಕಪ್ಪು ಪುಡಿ.
ಕಾರ್ಬನ್ ನ್ಯಾನೊ ನಳಿಕೆ, ಅಂದರು, ಸೀನಬೇಡ.
ನನಗೆ ಕಂಡದ್ದು ದೀಪದ ಮೇಲೆ ಬಟ್ಟಲು ಬೋರಲಿಟ್ಟು
ಅಜ್ಜಿ ಹಿಡಿಯುತ್ತಿದ್ದ ಕಾಡಿಗೆ.
ಬೆಂಕಿಯ ಮಗಳನ್ನೇ ಬೆಂಕಿಗೆ ಎದುರು ನಿಲ್ಲಿಸುವುದು!

ಮೊದಲ ಸಲ ಹಾಗೇ ಸುರಿದೆವು.
ಒಂದಕ್ಕೊಂದು ತೆಕ್ಕೆಬಿದ್ದು
ವಾರಗಟ್ಟಲೆ ಬಾಚದ ಕೂದಲಿನ ಹಾಗೆ ಕೂತವು.
ಗಂಟಿದ್ದಲ್ಲಿ ಗಂಟು. ಉಳಿದದ್ದೆಲ್ಲ ಉರಿ.
"ಗಂಜಿ ಕಾಣದ ಹಾಸು ಹಿಂಗ ಆಗತೈತ್ರಿ," ಅಂದೆ.
ಮೇಡಂ ಬರೆದುಕೊಂಡರು.
ಆಮೇಲೆ ಎರಡು ತಿಂಗಳು ಆಮ್ಲದಲ್ಲಿ ಕುದಿಸು, ತೊಳೆ, ಒಣಗಿಸು;
ನಳಿಕೆಯ ಮೈತುಂಬ ರಂಜಕದ ಮೊಗ್ಗು ಕೂರಿಸು,
ಎಳೆಗೆ ಎಳೆ ಬೇರೆ ನಿಲ್ಲುವ ತನಕ.
ಬೆರೆಸಿದ್ದು ನೂರಕ್ಕೆ ಎರಡು ಪಾಲು.

ಇವತ್ತು ಐದು ಪಟ್ಟಿ.
ಮೊದಲನೆಯದು ಉರಿ ಸರಿಸಿದ್ದೇ ತಡ
ಕಪ್ಪಗೆ ಉಬ್ಬಿ, ಮೇಲೊಂದು ಕರಕಿನ ಚಿಪ್ಪು ಕಟ್ಟಿಕೊಂಡು
ಸುಮ್ಮನಾಯಿತು.
ಎರಡು. ಮೂರು. ನಾಲ್ಕು. ಹತ್ತಿ ಬೆಳ್ಳಗೇ ಇದೆ.
ಐದನೆಯದರ ತುದಿಯಿಂದ ಒಂದು ಹನಿ,
ಒಂದೇ.
ನಿಯಮದ ಪ್ರಕಾರ ಐದೂ ಫೇಲು.
ಕೆಂಪು ಪೆನ್ನು ನನ್ನ ಕೈಗಿಟ್ಟು ಮೇಡಂ ಚಹಾಕ್ಕೆ ಹೋದರು.

ಮೂರನೆಯ ಪಟ್ಟಿಯನ್ನು ಕಾಗದದಲ್ಲಿ ಸುತ್ತಿ ಮನೆಗೆ ತಂದೆ.
ಅವ್ವ ಉಗುರಿನಿಂದ ಕೆರೆದಳು.
ಕರಕು ಎದ್ದಿತು; ಅಡಿಯಲ್ಲಿ ನುಣುಪು ಕಪ್ಪು, ಬೆಂಕಿ ಮುಟ್ಟದ್ದು.
"ಮ್ಯಾಲ ಹೊತ್ತೇತಿ, ಒಳಗ ಹಸಿ.
ಇಂಥಾ ರೊಟ್ಟಿ ಬಡದಿದ್ರ ನಮ್ಮತ್ತಿ ನನ್ನ ತವರಿಗೆ ಕಳಸ್ತಿದ್ಲು."
ಹಿಂಗ ಆಗಬೇಕಬೇ, ಇದ ಪಾಸು, ಅಂದೆ.
ನಂಬಿದ ಹಾಗೆ ಕಾಣಲಿಲ್ಲ.
ಮಗ್ಗ ಶುರುಮಾಡಿದಳು. ಆ ಸದ್ದಿನಲ್ಲಿ
ಅರ್ಧ ಗಂಟೆಯ ಮೇಲೆ, ಕೂಗಿ:
"ಆ ಐದನೇದ್ರಾಗ ಗಂಟ ಎಲ್ಲಿ ಉಳದಿತ್ತು, ನೋಡಿದೇನ?"