ಮೂರು ಬೆರಳು

ಜುಲೈ ಚಳಿ. ಟೆಮುಕಾದ ಹುಲ್ಲುಗಾವಲಿನಲ್ಲಿ
ಇಬ್ಬನಿ ಹತ್ತು ಗಂಟೆಯಾದರೂ ಕರಗದು.
ಶೆಡ್ಡಿನಲ್ಲಿ ಸೀಮೆಎಣ್ಣೆ ಹೀಟರು,
ಹೀಟರಿನ ಮುಂದೆ ಬೆಕ್ಕು,
ಬೆಕ್ಕಿನ ಲೆಕ್ಕದಲ್ಲಿ ನಾವು ಯಾರೂ ಅಲ್ಲ.

ನಲವತ್ತೆಂಟರ ಆಂಗ್ಲಿಯಾ. ಬೆಂಕಿಪೊಟ್ಟಣದಂಥ ಕಾರು.
ಅದರ ಮೂತಿಗೆ ವಿ-ಎಂಟು ತುರುಕಿದ್ದಾನೆ ಆಲ್ಬಿ,
ಇಲಿಯ ಮೈಗೆ ಎತ್ತಿನ ಗುಂಡಿಗೆ.
ಮಗುಚಿಕೊಂಡರೆ? ಅಂದರು ರೇಸಿನ ತಪಾಸಣೆಯವರು.
ಒಳಗೊಂದು ಗೂಡು ಕಟ್ಟು,
ಆಮೇಲೆ ಗೆರೆಯ ಹತ್ತಿರ ಬಾ.

ರಾವಿರಿ ತನ್ನ ಯಂತ್ರದಲ್ಲಿ ಕೊಳವೆ ಬಾಗಿಸಿಕೊಟ್ಟ.
ಉಕ್ಕು ಒಂದು ಮಾತೂ ಆಡದೆ ಬಾಗಿತು,
ಹಿರಿಯರ ಮನೆಯ ಗಿಡ್ಡ ಬಾಗಿಲಲ್ಲಿ ನುಗ್ಗುವವರ ಹಾಗೆ.

"ನೈರಿ, ನೀನು ಕೂತಿರು" ಎಂದ ಆಲ್ಬಿ.
ಒಳಗೂ ಕೂತು ಹೊರಗಿನಿಂದಲೂ ಅಳೆಯಲು
ಅವನೊಬ್ಬನಿಂದ ಆಗದಲ್ಲ.
ಹೆಲ್ಮೆಟ್ಟು ಹಾಕಿ ಬೆಲ್ಟು ಬಿಗಿದು ಕೂತೆ.
ಕಾಲು ಪೆಡಲಿಗೆ ಎಟುಕಲಿಲ್ಲ. ಅದೇನೂ ಬೇಡ ಬಿಡು, ಅಂದ.
ರಟ್ಟು, ಸೀಮೆಸುಣ್ಣ, ಒಂದು ಮುರುಕು ಪೊರಕೆಕೋಲು.
ತಲೆಗೂ ಕೊಳವೆಗೂ ನಡುವೆ ಮೂರು ಬೆರಳು.
ಬೆರಳು ಅಂದರೆ ಅವನವು,
ಅದರಲ್ಲಿ ಒಂದು ಅರ್ಧ ಗರಗಸಕ್ಕೆ ಹೋದದ್ದು.

ಮೇಲಿನ ಬೆಸುಗೆಗೆ ಕೈ ನುಗ್ಗದು, ಚಾವಣಿ ಅಡ್ಡ.
ಎರಡು ದಿನ ಬರೀ ಚಹಾ ಕುಡಿದ.
ಮೂರನೆಯ ದಿನ ಕಾರಿನ ನೆಲಕ್ಕೇ ತೂತು ಕೊರೆದ;
ಗೂಡಿನ ಕಾಲು ಅದರಲ್ಲಿ ಇಳಿದವು,
ಕೆಸರಲ್ಲಿ ಹೂತ ಹಸುವಿನ ಕಾಲು.
ಚಾವಣಿಯಡಿಯಲ್ಲಿ ಈಗ ಒಂದು ಗೇಣು ಬೆಳಕು.
ಬೆಸೆದ. ಎತ್ತಿದ.
ಪಾದಕ್ಕೆ ಉಕ್ಕಿನ ಚಪ್ಪಲಿ ಮೆಟ್ಟಿಸಿದ.

ಉಳಿದದ್ದು ಒಂದೇ ಕೊಳವೆ:
ತಲೆಯ ಹಿಂದಿನಿಂದ ಮುಂದಿನ ಎಡಮೂಲೆಗೆ, ಓರೆಯಾಗಿ.
ಅದು ಹಾಯುವುದು ಪಕ್ಕದ ಸೀಟಿನ ಮೇಲೆ.
ಮೂವತ್ತೊಂದು ವರ್ಷ ನಾನು ಕೂತದ್ದು ಅಲ್ಲೇ,
ನಕಾಶೆ, ಬಿಸ್ಕತ್ತು, ಅವನ ಕನ್ನಡಕ ಮಡಿಲಲ್ಲಿಟ್ಟುಕೊಂಡು.
ಬೋಲ್ಟು ಬಿಚ್ಚುವಾಗ ಅವನು ನನ್ನ ಮುಖ ನೋಡಲಿಲ್ಲ.
ಸೀಟು ಬೆಕ್ಕಿನ ಪಾಲಾಯಿತು.

ಭಾನುವಾರ ಅವನು ಹತ್ತಿದ.
ಒಂದು ಕಾಲು, ಹೊಟ್ಟೆ, ಇನ್ನೊಂದು ಕಾಲು,
ಟಣ್.
ಕತ್ತು ಓರೆ ಮಾಡಿದ. ಟಣ್.
ಅಳೆದೂ ಸುರಿದೂ ಕಟ್ಟಿದ ಗೂಡು
ನನ್ನ ತಲೆಯನ್ನಷ್ಟೇ ನೆನಪಿಟ್ಟುಕೊಂಡಿತ್ತು.

ರಾವಿರಿ ಬಾಗಿಲಿಗೆ ಹೋಗಿ
ಬಹಳ ಹೊತ್ತು ಕುರಿಗಳನ್ನೇ ನೋಡಿದ.
ಅವನ ಬೆನ್ನು ಮಾತ್ರ ಕುಲುಕುತ್ತಿತ್ತು.

ಆಲ್ಬಿ ಇಳಿದ. ಹೆಲ್ಮೆಟ್ಟನ್ನು ಬೆಂಚಿನ ಮೇಲಿಟ್ಟ.
ಆರಿದ ಚಹಾ ಒಂದೇ ಗುಟುಕಿಗೆ ಮುಗಿಸಿ
ಹದಿಮೂರನೇ ನಂಬರಿನ ಸ್ಪ್ಯಾನರು ಹುಡುಕಿ ತಂದು
ಸೀಟಿನ ಕಂಬಿಯ ಪಕ್ಕ ಮಂಡಿಯೂರಿದ.

"ಎಷ್ಟು ಮುಂದಕ್ಕೆ?"
"ಮೂರು ಬೆರಳು."
"ಯಾರವು?"
ನನ್ನವು, ಅಂದೆ.