ಐದು ಅಂಕದ ಪ್ರಶ್ನೆ

ಒಂಬತ್ತನೇ ಪಾಠ: ‘ನಮ್ಮ ರಫ್ತು ಬೆಳೆದ ಬಗೆ.’
ಹಲಗೆಯ ಮೇಲೆ ಗೆರೆ ಎಳೆದೆ,
ಅರವತ್ತೈದರಿಂದ ಎಪ್ಪತ್ತೊಂಬತ್ತಕ್ಕೆ,
ಕೆಳಗಿನ ಎಡಮೂಲೆಯಿಂದ ಮೇಲಿನ ಬಲಕ್ಕೆ.
ಸೀಮೆಸುಣ್ಣ ಕಿರ್ರೆಂದಿತು, ಎಲ್ಲೂ ಮುರಿಯಲಿಲ್ಲ.

ಸಿಯೋಲಿನ ಗುರೋದಲ್ಲಿ ಇದು ಸಂಜೆ ಶಾಲೆ.
ಹಿಂದೆ ಕಾರ್ಖಾನೆಗಳಿದ್ದಲ್ಲಿ ಈಗ ಗಾಜಿನ ಗೋಪುರ,
ಅದರ ನೆರಳಿಗೆ ಬಿದ್ದ ಎರಡನೇ ಮಹಡಿಯಲ್ಲಿ
ನನ್ನ ವಿದ್ಯಾರ್ಥಿನಿಯರು, ಎಲ್ಲ ಅಜ್ಜಿಯರು.
ಬಾಗಿಲಲ್ಲಿ ಬೂಟು ಬಿಚ್ಚುವಾಗ ಮಂಡಿ ಹಿಡಿದು
‘ಐಗೋ’ ಎನ್ನುತ್ತಾರೆ.
ಪೆನ್ಸಿಲನ್ನು ಸೂಜಿಯಂತೆ ಹಿಡಿಯುತ್ತಾರೆ.

ಮುಂದಿನ ಬೆಂಚು: ಬೇ ಮಾಲ್‌ಸುನ್, ಅರವತ್ತೊಂಬತ್ತು.
ಐದನೆಯದೂ ಹೆಣ್ಣಾದಾಗ, ಇನ್ನು ಸಾಕು ಎಂದು
ಅಪ್ಪ ಇಟ್ಟ ಹೆಸರಂತೆ; ಮಾಲ್ ಅಂದರೆ ಕೊನೆ.
“ಆಮೇಲೆ ತಮ್ಮ ಹುಟ್ಟಿದ. ಹೆಸರು ಫಲಿಸಿತು,
ಅವರಿಗೆ.”

ಅವತ್ತು ಕೈ ಎತ್ತಿದರು: “ಮೇಷ್ಟ್ರೇ,
ಆ ಗೆರೆ ಕೂದಲೆಳೆಯಷ್ಟು ಸಣ್ಣ ಇದೆಯಲ್ಲ.”
ಎಲ್ಲರೂ ನಕ್ಕರು. ನಾನೂ.
ಅದರ ಮೇಲೇ ಇನ್ನೊಮ್ಮೆ ದಪ್ಪಗೆ ತಿದ್ದಿದೆ.

ಪರೀಕ್ಷೆಯಲ್ಲಿ ಕೇಳಿದ್ದೆ:
ರಫ್ತು ಏರಲು ಕಾರಣಗಳನ್ನು ವಿವರಿಸಿ. ಅಂಕ ಐದು.
ಅವರ ಉತ್ತರ, ಗುಂಡು ಗುಂಡು ಅಕ್ಷರದಲ್ಲಿ:

“ಮೊದಲನೆಯ ಕಾರಣ ಅಮ್ಮನ ಕೂದಲು.
ಗೋಹುಂಗಿನ ನಮ್ಮ ಹಳ್ಳಿಗೆ ಕೂದಲು ಕೊಳ್ಳುವವನು ಬರುತ್ತಿದ್ದ,
ಹೆಗಲಿಗೆ ಚೀಲ, ಕೈಯಲ್ಲಿ ಕತ್ತರಿ.
ಅಮ್ಮ ತುರುಬಿನ ಬೆಳ್ಳಿ ಕಡ್ಡಿ ಎಳೆದಳು,
ತಮ್ಮನ ಶಾಲೆಗೆ ದುಡ್ಡು ಕಟ್ಟಿದಳು,
ಒಂದು ವರ್ಷ ತಲೆಗೆ ಬಟ್ಟೆ ಸುತ್ತಿಕೊಂಡೇ ಹೊಲಕ್ಕೆ ಹೋದಳು.
ಎರಡನೆಯ ಕಾರಣ ನಾನು. ಹದಿನೈದು ವರ್ಷ.
ವಿಗ್ಗಿನ ಕಾರ್ಖಾನೆ. ಬಲೆಯ ಒಂದೊಂದು ಕಣ್ಣಿಗೆ
ಒಂದೊಂದು ಕೂದಲು ಗಂಟು ಹಾಕಬೇಕು,
ಅಮೆರಿಕದ ಯಾವುದೋ ತಲೆಗೆ.
ಮೂಸಿ ನೋಡುತ್ತಿದ್ದೆ, ಅಮ್ಮನದು ಸಿಕ್ಕೀತೇ ಎಂದು.
ಎಲ್ಲದಕ್ಕೂ ಆಸಿಡ್ಡಿನ ವಾಸನೆ.
ಮೂರನೆಯದು ನಿದ್ದೆ ಓಡಿಸುವ ಗುಳಿಗೆ,
ಮೇಲ್ವಿಚಾರಕ ಮಿಠಾಯಿಯ ಹಾಗೆ ಹಂಚುತ್ತಿದ್ದ.
ನಾಲ್ಕನೆಯದು ಆಮೇಲೆ ಬರೆಯುತ್ತೇನೆ.
ತಮ್ಮ ಎಂಜಿನಿಯರ್ ಆದ, ಸೇತುವೆ ಕಟ್ಟಿದ.
ಮಗಳ ಮದುವೆಯಲ್ಲಿ ಬೀಗರಿಗೆ ಹೇಳಿದ:
‘ಅಕ್ಕ ಊರಲ್ಲೇ ಉಳಿದಳು, ಓದಲು ಮನಸ್ಸಿರಲಿಲ್ಲ.’
ಇದು ಕಾರಣವೋ ಪರಿಣಾಮವೋ ನನಗೆ ತಿಳಿಯದು.

ಒಂದು ಬೆಳಗ್ಗೆ ಗೇಟಿಗೆ ಬೀಗ. ಮಾಲೀಕ ವಿಮಾನ ಹತ್ತಿದ್ದ,
ನಮ್ಮ ಮೂರು ತಿಂಗಳ ಸಂಬಳ ಅವನ ಕಿಸೆಯಲ್ಲಿ.
ಹಿಂದಿನ ಗೋಡೆ ಹಾರಿ ಊಟದ ಕೋಣೆಯಲ್ಲಿ ಕೂತೆವು,
ಅರವತ್ತು ಜನ, ಆರು ರಾತ್ರಿ.
ಪೊಲೀಸರು ಕೈ ಹಿಡಿದು ಎಳೆಯಲಿಲ್ಲ.
ಜಡೆ ಹಿಡಿದರು.
ಒಂದೆಳೆ ನೆಲಕ್ಕೆ ಬಿದ್ದರೆ ದಂಡ ಕಟ್ಟಿದವರು ನಾವು.
ಅಂದು ನೆಲದ ತುಂಬ ಕೂದಲು,
ತೂಗಲು ಯಾರೂ ಬರಲಿಲ್ಲ.”

ನನ್ನ ಬಳಿ ಮಾದರಿ ಉತ್ತರವಿತ್ತು:
ಯೋಜನೆ, ವಿದೇಶಿ ಸಾಲ, ಅಗ್ಗದ ದುಡಿಮೆ.
‘ಅಗ್ಗದ ದುಡಿಮೆ’ ಎಂಬೆರಡು ಪದಕ್ಕೆ ಒಂದು ಅಂಕ.
ಹುಡುಕಿದೆ. ಪುಟ ತಿರುವಿ ಮತ್ತೆ ಹುಡುಕಿದೆ.
ಆ ಪದಗಳು ಎಲ್ಲೂ ಇರಲಿಲ್ಲ.
ರಾತ್ರಿ ಹನ್ನೊಂದಕ್ಕೆ ಎರಡು ಅಂಕ ಕೊಟ್ಟು
ಕೆಂಪು ಶಾಯಿಯಲ್ಲಿ ಬರೆದೆ: ಪಾಠದಿಂದ ಹೊರಗಿದೆ.

ಮರುದಿನ ಎಲ್ಲರೂ ಹೋದರು, ಅವರು ಏಳಲಿಲ್ಲ.
ಕೋಟು ಮಡಚಿ ತೊಡೆಯ ಮೇಲೆ, ಬೆನ್ನು ನೆಟ್ಟಗೆ.
ಕೂತ ಬಗೆಯಲ್ಲೇ ಗೊತ್ತಾಯಿತು,
ಹೀಗೆ ಕೂತು ಅಭ್ಯಾಸವಿದೆ ಇವರಿಗೆ.

“ಮೂರು ಯಾಕೆ ಹಿಡಿದುಕೊಂಡಿರಿ, ಮೇಷ್ಟ್ರೇ?”

ಕೀಲಿಗೊಂಚಲು ಆಡಿಸುತ್ತ ಕಾವಲುಗಾರ ಬಾಗಿಲಿಗೆ ಬಂದ.
ಸ್ವಲ್ಪ ತಡೆಯಪ್ಪ, ಎಂದೆ.
ಎದುರಿನ ಬೆಂಚಿನಲ್ಲಿ ಹೇಗೋ ಕಾಲು ತೂರಿಸಿ ಕೂತು
ಕೇಳಿದೆ: “ನಾಲ್ಕನೆಯದು ಏನು?”

“ಮೊದಲು ಅಂಕ,” ಎಂದರು,
ಕನ್ನಡಕ ತೆಗೆದು ಒರೆಸುತ್ತ.