ಬೋರಲು ಕಲ್ಲು

ಕುರುಗೋಡಿನಾಚೆ, ಚೇಳುಗುಡ್ಡದ ನೆತ್ತಿಯಲ್ಲಿ
ದಾರ ಕಟ್ಟಿದ ಚೌಕಗಳು.
ಐದು ಮೀಟರಿಗೊಂದು ಗೂಟ, ಗೂಟಕ್ಕೊಂದು ಅಂಕಿ.
ನಾನು ಹಂಗಾಮಿ ನಕ್ಷೆಗಾರ;
ಗ್ರಾಫ್ ಹಾಳೆ, ಮೊಂಡು ಪೆನ್ಸಿಲು,
ಬಿಸಿಲಿಗೆ ಮೆತ್ತಗಾದ ರಬ್ಬರು.

ನಾಲ್ಕನೇ ಚೌಕದಲ್ಲಿ ಒಂದು ಮನೆ ಸಿಕ್ಕಿತು.
ಮನೆಯೆಂದರೆ ದುಂಡಗೆ ಕೂತ ಹನ್ನೆರಡು ಕಲ್ಲು,
ಬಡಿದು ಗಟ್ಟಿ ಮಾಡಿದ ನೆಲ,
ಕಂಬ ನಿಂತಿದ್ದ ಒಂಬತ್ತು ಕುಳಿ.
ಕುಳಿಯೆಂದರೆ ಅದೂ ಇಲ್ಲ,
ಮಣ್ಣಿನೊಳಗೆ ಇನ್ನೊಂದು ಬಣ್ಣದ ಮಣ್ಣು,
ಮರ ಕೊಳೆತು ತನ್ನ ದಪ್ಪವನ್ನಷ್ಟೇ ಬಿಟ್ಟದ್ದು.
ಅದನ್ನೂ ಅಳೆದೆ.

ಕೆಳಗೆ ಇಳಿಜಾರಿಗೆ ಬೂದಿದಿಬ್ಬ.
ಊರವರಿಗೆ ಅದು ರಾಕ್ಷಸನನ್ನು ಸುಟ್ಟ ಜಾಗ.
ನಮ್ಮ ಸಾಹೇಬರಿಗೆ ದನದ ದೊಡ್ಡಿ,
ವರ್ಷ ವರ್ಷ ಸಗಣಿ ಕೂಡಿಟ್ಟು ಬೆಂಕಿ ಕೊಟ್ಟದ್ದು.
ಸುಂಕ್ಲಮ್ಮ ಎರಡೂ ಕೇಳಿ, ಜರಡಿ ನಿಲ್ಲಿಸದೆ,
"ರಾಕ್ಷಸನ್ನ ಸುಡಾಕಾದ್ರೂ ಕುಳ್ಳು ಬೇಕಲ್ಲ" ಅಂದಳು.

ಆರು ವರ್ಷ ಕ್ರಷರಿನಲ್ಲಿ ಕಲ್ಲು ಹೊತ್ತವಳು.
ಚಕ್ಕೆಯೊಂದು ಕೊಟ್ಟರೆ ಬೆರಳಲ್ಲಿ ತಿರುವಿ
"ತಾನಾಗಿ ಸೀಳಿದ್ದಲ್ಲ ಸಾ, ಏಟು ತಿಂದೈತೆ" ಎನ್ನುತ್ತಾಳೆ.
ಏಟು ಬಿದ್ದಲ್ಲಿ ಅವಳ ಹೆಬ್ಬೆರಳು
ಹೋಗಿ ತಾನೇ ಕೂರುತ್ತದೆ.

ಮೂರನೆಯ ದಿನ ಒಲೆಯ ಪಕ್ಕ
ದೋಣಿಯಂತೆ ಸವೆದ ಅರೆಯುವ ಕಲ್ಲು, ಬೋರಲಾಗಿ.
'ಬಿದ್ದಿದೆ' ಎಂದು ಬರೆದುಕೊಂಡೆ.
ನಾಲ್ಕು ಜನ ಹಾರೆ ಕೊಟ್ಟು ಎತ್ತಿದರೆ
ಅಡಿಯಲ್ಲಿ, ಸವೆತದೊಳಗೆ, ಅದರದೇ ಗುಂಡುಕಲ್ಲು.

"ಬಿದ್ದಿಲ್ಲ ಸಾ, ಹಾಕ್ಯಾರೆ.
ಬೀಳೋ ಕಲ್ಲು ಮರೀನ ಹೊಟ್ಟ್ಯಾಗ ಇಟ್ಕಂಡು ಬೀಳ್ತೈತಾ?
ನಮ್ಮವ್ವ ನೆಲ್ಲು ಕೊಯ್ಯಾಕೆ ಸಿರುಗುಪ್ಪದ ಕಡಿಗೆ ಹೋಗುವಾಗ
ಕಾರ ಅರಿಯೋ ಕಲ್ಲು ಹಿಂಗೇ ಬೋರಲು ಹಾಕ್ತಿದ್ಲು.
ಚೇಳು ಸೇರಬಾರ್ದು, ನಾಯಿ ನೆಕ್ಕಬಾರ್ದು.
ತಿರುಗಿ ಬರೋರು ಮಾಡೋ ಕೆಲಸ ಇದು.
ಬಿಟ್ಟೇ ಹೋಗೋರಿಗೆ ನಾಯಿ ನೆಕ್ಕಿದ್ರೇನು?"

ಸಾಹೇಬರು ನಕ್ಕರು. ಕಡತದಲ್ಲಿ ಆಗಲೇ
'ಪರಿತ್ಯಕ್ತ ನೆಲೆ' ಎಂಬ ಮುದ್ದಾದ ಅಕ್ಷರ.
ನಾನು ನನ್ನ ಹಾಳೆಯಲ್ಲಿ 'ಬಿದ್ದಿದೆ' ಅಳಿಸಿದೆ.
ರಬ್ಬರು ಕಪ್ಪು ಮೆತ್ತಿತು.
ಕಪ್ಪಿನ ಮೇಲೇ ಬರೆದೆ: 'ಇಟ್ಟಿದೆ.'

ಆಮೇಲೆ ದೊಡ್ಡಿಯ ಬಾಗಿಲು ತೆರೆದೆವು.
ಬೂದಿಯ ಪದರದಲ್ಲಿ ಗೊರಸುಗಳು,
ಹಸಿಯಿದ್ದಾಗ ಒತ್ತಿ, ಒಣಗಿ, ಹೊಸ ಬೂದಿ ಮುಚ್ಚಿ ಉಳಿದವು.
ಹಾಯ್ದು ಹೋದವು, ಹಾಯ್ದು ಬಂದವು,
ಒಂದರ ಮೇಲೊಂದು ತುಳಿದು ಗೋಜಲು.
ಅದರಲ್ಲೊಂದು ಎಡ ಹಿಂಗಾಲು ಎಳೆಯುವ ಹಸುವನ್ನು
ಸುಂಕ್ಲಮ್ಮ ಮೂರು ಕಡೆ ಗುರುತಿಸಿದಳು.
"ಇದು ಸಂಜೀಕೆ ಕಡೀಗೆ ಬರೋದು ನೋಡು."

ಎಲ್ಲಕ್ಕಿಂತ ಮೇಲಿನ ಪದರದಲ್ಲಿ
ಗೋಜಲಿಲ್ಲ.
ಇಪ್ಪತ್ತಮೂರು ಗೊರಸು, ಎಲ್ಲವೂ ಹೊರಗೆ ಮುಖ.
ಕುಂಟುಕಾಲೂ ಇತ್ತು ಅದರಲ್ಲಿ,
ಎಲ್ಲರಿಗಿಂತ ಹಿಂದೆ.

ಬಾಣದ ಗುರುತು ಹಾಕುತ್ತ ಹೋದೆ, ಇಪ್ಪತ್ತಮೂರು ಬಾಣ.
ಅವಳು ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು.
ಸೆರಗಿನ ತುದಿಯಿಂದ ಒಂದು ಗೊರಸಿನ ಧೂಳು ಒರೆಸಿದಳು.
ಮತ್ತೆ,
"ಹೋದಾಗ ಮಳಿ ಬಂದಿತ್ತು, ಅದಕ್ಕೆ ಒತ್ಯಾವೆ.
ಬಂದಾಗ ನೆಲ ಒಣಗಿತ್ತೇನೋ.
ಒಣಾ ನೆಲದಾಗ ಹೆಜ್ಜಿ ಎಲ್ಲಿ ಮೂಡ್ತಾವೆ ಸಾ?"

ಹಾಗಿದ್ದರೆ ಕಲ್ಲು ಯಾಕೆ ಬೋರಲಾಗೇ ಇತ್ತು
ಎಂದು ನಾನು ಕೇಳಲಿಲ್ಲ.
ಅವಳಿಗೂ ಗೊತ್ತು, ಕೇಳಲಿಲ್ಲವೆಂದು.

ನಾಲ್ಕಕ್ಕೆ ಪಕ್ಕದ ಗುಡ್ಡದ ಕ್ವಾರಿಯಿಂದ ಸೀಟಿ, ಮೂರು ಸಲ.
ಎಲ್ಲರೂ ಇದ್ದಲ್ಲೇ ನಿಂತೆವು.
ಸಿಡಿತ ಮೊದಲು ಅಂಗಾಲಿಗೆ ಬಂತು, ಆಮೇಲೆ ಕಿವಿಗೆ.
ಗುಂಡಿಯ ಗೋಡೆಯಿಂದ ಬೂದಿ ಸಣ್ಣಗೆ ಉದುರಿ
ಹನ್ನೊಂದನೇ ಗೊರಸಿನ ಅಂಚು ಕುಸಿಯಿತು.
ಕ್ರಷರಿನ ಬಿಳಿ ಧೂಳು ಗಾಳಿ ಹಿಡಿದು ಈ ಕಡೆಗೆ ಹೊರಟಿತು.

ಸುಂಕ್ಲಮ್ಮ ಚಹಾದ ಲೋಟಕ್ಕೆ ಅಂಗೈ ಮುಚ್ಚಿ
ಧೂಳು ದಾಟಿ ಹೋಗಲೆಂದು ಕಾದಳು.